ಜಗಲಿಯ ಮೇಲಿನ ಪ್ರಶ್ನೆ

(ಬಾನುಲಿ ಭಾಷಣ)

ನಾನು ಹುಟ್ಟಿ ಬೆಳೆದ ಹಳ್ಳಿಯ ಮನೆಯ ತಲೆಬಾಗಿಲಿಗೆ ಕಬ್ಬಿಣದ ದೊಡ್ಡದೊಂದು ಚಿಲಕವಿದ್ದಿತು. ಹಗಲು ಹೊತ್ತಿನಲ್ಲಿ ಅದಕ್ಕೆ ಬೀಗ ಹಾಕಿದುದನ್ನು ನಾನು ಕಂಡ ನೆನಪಿಲ್ಲ. ಬಾಗಿಲ ಪಕ್ಕದ ಜಗಲಿಯಲ್ಲಿ ನಮ್ಮ ಅಜ್ಜಿ ಕಂಬಕ್ಕೊರಗಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಅವರ ಕಣ್ಣು ಮಂಜಾಗಿದ್ದಿತು. ಆದರೆ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾದರೆ ಸಾಕು, "ಯಾರಪ್ಪಾ ನೀನು? ಯಾರ ಪೈಕಿ? ಯಾರನ್ನು ನೋಡಬೇಕಾಗಿತ್ತು?" ಎಂಬ ಮೂರು ಪ್ರಶ್ನೆಗಳು ಒಂದರ ಬೆನ್ನಿಗೊಂದು ಹೊರಡುತ್ತಿದ್ದವು. ಬಂದವರು ಶೇಕದಾರರಾದರೂ ಅಷ್ಟೆ, ಬಳೆಗಾರನಾದರೂ ಅಷ್ಟೆ. ಮೂರಕ್ಕೂ ಉತ್ತರ ಬಂದ ಮೇಲೆ, "ಬಾ, ಕೂತುಕೋ, ಒಂದು ಲೋಟ ಮಜ್ಜಿಗೆ ಕುಡಿ" ಎಂಬ ಉಪಚಾರ. ಅಜ್ಜಿಯ ಪ್ರಶ್ನೆಯಲ್ಲಿ ಅಗೌರವವಿದೆಯೆಂದು ಯಾರೂ ತಿಳಿಯುತ್ತಿರಲಿಲ್ಲ. ಮನೆಯೆಂದ ಮೇಲೆ ಕೇಳುವವರೊಬ್ಬರಿರಬೇಕು, ಬಂದವನು ಹೇಳಬೇಕು, ಅದು ಲೋಕರೂಢಿ.

ಮಿತ್ರರೇ, ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ನಮ್ಮ ಮೊಬೈಲು, ಕಂಪ್ಯೂಟರುಗಳನ್ನೂ ಅವುಗಳಲ್ಲಿ ನಾವು ಇಟ್ಟಿರುವ ಸ್ವಂತ ವಿಚಾರಗಳನ್ನೂ ವಂಚಕರ ಕೈಯಿಂದ ಕಾಪಾಡಿಕೊಳ್ಳುವ ಬಗೆಯನ್ನು ಕುರಿತು. ನಾನು ಯಂತ್ರತಜ್ಞನಲ್ಲ, ನಿಮ್ಮ ಹಾಗೆ ಈ ಸಾಧನಗಳನ್ನು ಬಳಸುವ ಒಬ್ಬ ಸಾಮಾನ್ಯ. ಆದರೂ ಈ ವಿಷಯವನ್ನು ಮಾತನಾಡಲು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಹಿಂದೆ ಮನೆಯ ಮುಖ್ಯ ಕಾಗದಪತ್ರಗಳು ಟ್ರಂಕಿನಲ್ಲಿರುತ್ತಿದ್ದವು. ಒಡವೆ ಕಬ್ಬಿಣದ ಪೆಟ್ಟಿಗೆಯಲ್ಲಿ, ಬಂದ ಪತ್ರಗಳು ತಂತಿಯ ಕೊಕ್ಕೆಯಲ್ಲಿ, ಫೋಟೋಗಳು ಗೋಡೆಯ ಮೇಲೆ. ಈಗ ಬ್ಯಾಂಕಿನ ಖಾತೆ, ಪಿಂಚಣಿಯ ಕಾಗದ, ಆಧಾರ್ ಕಾರ್ಡಿನ ಚಿತ್ರ, ವೈದ್ಯರ ಚೀಟಿ, ಮೊಮ್ಮಕ್ಕಳ ಭಾವಚಿತ್ರ, ಗಂಡಹೆಂಡಿರ ಜಗಳದ ಮಾತು, ಇವೆಲ್ಲವೂ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿ ಸೇರಿವೆ. 2016ರಲ್ಲಿ ಯುಪಿಐ ಎಂಬ ಹಣ ರವಾನೆಯ ವ್ಯವಸ್ಥೆ ಬಂದ ಮೇಲಂತೂ ಸೊಪ್ಪು ಮಾರುವಾಕೆಯ ಬುಟ್ಟಿಯ ಅಂಚಿನಲ್ಲೂ ಕಪ್ಪು ಬಿಳುಪಿನ ಚೌಕದ ಚೀಟಿ ಕಾಣಿಸಿಕೊಂಡಿತು. ಅನುಕೂಲ ಬಹಳವಾಯಿತು, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಮನೆ ಜೇಬಿಗೆ ಬಂದಾಗ ಜಗಲಿ ಹಿಂದೆಯೇ ಉಳಿಯಿತು. ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದವರೂ ಅಲ್ಲಿಯೇ ಉಳಿದರು.

ಈಗ ನನ್ನ ಕಾರಣವನ್ನು ಹೇಳುತ್ತೇನೆ. ನನಗೊಬ್ಬ ಹಿರಿಯ ಮಿತ್ರರಿದ್ದಾರೆ. ಮೂವತ್ತೈದು ವರ್ಷ ಮೇಷ್ಟರಾಗಿದ್ದು, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು; ಲೆಕ್ಕದಲ್ಲಿ ಗಟ್ಟಿಗರು, ವ್ಯವಹಾರದಲ್ಲಿ ಶುದ್ಧರು. 2024ರ ಮಳೆಗಾಲದ ಒಂದು ಬೆಳಿಗ್ಗೆ ಅವರಿಗೊಂದು ಕರೆ ಬಂದಿತು. ಅವರ ಹೆಸರಿನಲ್ಲಿ ಮುಂಬಯಿಯಿಂದ ವಿದೇಶಕ್ಕೆ ಹೊರಟ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಆ ಕಡೆಯ ದನಿ ಹೇಳಿತು. ಆಧಾರ್ ಸಂಖ್ಯೆಯನ್ನು ಅವರಿಗೇ ಓದಿ ಹೇಳಿತು. ಬಳಿಕ ವೀಡಿಯೋ ಕರೆ. ಪರದೆಯ ಮೇಲೆ ಖಾಕಿ ತೊಟ್ಟ ಅಧಿಕಾರಿ, ಅವನ ಹಿಂದೆ ಗೋಡೆಯ ಮೇಲೆ ರಾಜಮುದ್ರೆ. "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ. ಕ್ಯಾಮರಾ ಆರಿಸಬಾರದು, ಕೋಣೆ ಬಿಟ್ಟು ಹೊರಗೆ ಹೋಗಬಾರದು, ಮನೆಯವರಿಗೆ ಹೇಳಿದರೆ ಅವರನ್ನೂ ಆರೋಪಿಗಳನ್ನಾಗಿ ಮಾಡಬೇಕಾಗುತ್ತದೆ" ಎಂದು ಅಪ್ಪಣೆಯಾಯಿತು.

ಎರಡು ದಿನ ಅವರು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. "ಏನ್ರೀ ಇದು, ಊಟಕ್ಕೂ ಏಳದೆ?" ಎಂದು ಹೆಂಡತಿ ಬಾಗಿಲು ತಟ್ಟಿದರೆ, "ಪಿಂಚಣಿ ಕಚೇರಿಯವರು ಏನೋ ಲೆಕ್ಕ ಕೇಳುತ್ತಿದ್ದಾರೆ" ಎಂದು ಉತ್ತರ ಕೊಟ್ಟರು. ಆಯುಷ್ಯದಲ್ಲಿ ಆಕೆಯೆದುರು ಅವರು ಆಡಿದ ಮೊದಲನೆಯ ಸುಳ್ಳು ಅದಾಗಿತ್ತೆಂದು ಆಮೇಲೆ ನನ್ನೊಡನೆ ಹೇಳಿದರು. ಮೂರನೆಯ ದಿನ, "ನಿಮ್ಮ ಹಣ ನ್ಯಾಯವಾದದ್ದೇ ಎಂದು ಪರಿಶೀಲಿಸಿ ಹಿಂದಿರುಗಿಸುತ್ತೇವೆ" ಎಂದು ನಂಬಿಸಿದವರ ಖಾತೆಗೆ, ಮಗಳ ಮನೆ ಕಟ್ಟಲೆಂದು ಕೂಡಿಟ್ಟಿದ್ದ ಹಣವನ್ನು ತಾವೇ ಬ್ಯಾಂಕಿಗೆ ಹೋಗಿ ಕಳುಹಿಸಿ ಬಂದರು. ಅಂದಿಗೆ ಆ ಪರದೆ ಆರಿತು. ಖಾಕಿಯವನು ಮತ್ತೆ ಕಾಣಿಸಿಕೊಳ್ಳಲಿಲ್ಲ.

ಇಷ್ಟು ತಿಳಿದವರು ಹೀಗೆ ಮೋಸಹೋಗುವುದುಂಟೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ನನಗೆ ಸಿಕ್ಕಿದ್ದು ವಾಲ್ಮೀಕಿಯ ಅರಣ್ಯಕಾಂಡದಲ್ಲಿ.

ಪಂಚವಟಿಯ ಪ್ರಸಂಗ ನಮಗೆಲ್ಲ ತಿಳಿದದ್ದೇ. ಲಕ್ಷ್ಮಣನು ಗೆರೆ ಎಳೆದನು, ಸೀತೆ ಅದನ್ನು ದಾಟಿದಳು ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ವಾಲ್ಮೀಕಿಯಲ್ಲಿ ಆ ಗೆರೆಯೇ ಇಲ್ಲ. ಅಲ್ಲಿ ಇರುವುದು ಬೇರೊಂದು ಸಂಗತಿ. ರಾವಣನು ಕಾವಿಯುಟ್ಟು, ಕೊಡೆ ಕಮಂಡಲುಗಳನ್ನು ಹಿಡಿದು, ಪರಿವ್ರಾಜಕನ ವೇಷದಲ್ಲಿ ಬರುತ್ತಾನೆ. ಮೊದಲು ಹೊಗಳುತ್ತಾನೆ, ಆಮೇಲೆ ನೀನು ಯಾರೆಂದು ಕೇಳುತ್ತಾನೆ. ಸೀತೆ ಅವನಿಗೆ ಆಸನ ಕೊಟ್ಟು, ಕಾಲಿಗೆ ನೀರು ಕೊಟ್ಟು, ಒಂದು ಕ್ಷಣ ಯೋಚಿಸುತ್ತಾಳೆ: ಇವನು ಬ್ರಾಹ್ಮಣ, ಅತಿಥಿ, ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಶಪಿಸಿಯಾನು. ಹಾಗೆ ಹೆದರಿ, ತಾನು ಜನಕನ ಮಗಳು, ರಾಮನ ಹೆಂಡತಿ ಎಂಬುದರಿಂದ ತೊಡಗಿ, ವಯಸ್ಸು, ವನವಾಸಕ್ಕೆ ಬಂದ ಕಾರಣ, ಎಲ್ಲವನ್ನೂ ಹೇಳಿಬಿಡುತ್ತಾಳೆ. ಎಲ್ಲ ಹೇಳಿ ಮುಗಿದ ಮೇಲೆ, ನಿನ್ನ ಹೆಸರೇನು, ಗೋತ್ರವೇನು, ಕುಲವೇನು ಎಂದು ಕೇಳುತ್ತಾಳೆ. ಕೇಳಬೇಕಾದ ಪ್ರಶ್ನೆಯನ್ನು ಆಕೆ ಕೇಳದೆ ಇರಲಿಲ್ಲ. ಕೇಳುವ ವೇಳೆಗೆ ತಡವಾಗಿತ್ತು.

ಸೀತೆಯದು ದಡ್ಡತನವೆಂದು ಯಾರು ಹೇಳಿಯಾರು? ಅತಿಥಿಯನ್ನು ಗೌರವಿಸಬೇಕೆಂಬ ಅವಳ ಧರ್ಮವೇ ವಂಚಕನಿಗೆ ಮೆಟ್ಟಿಲಾಯಿತು. ನಮ್ಮ ಮೇಷ್ಟರದೂ ಅದೇ ಕಥೆ. ಕಾನೂನಿಗೆ ತಲೆಬಾಗಬೇಕೆಂದು ಮೂವತ್ತೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟವರು ಖಾಕಿಯ ವೇಷಕ್ಕೆ ತಲೆಬಾಗಿದರು. ಕಾನೂನನ್ನು ಲೆಕ್ಕಿಸದ ಮನುಷ್ಯನಾಗಿದ್ದರೆ ಫೋನನ್ನು ಕುಕ್ಕಿ ಎದ್ದುಹೋಗುತ್ತಿದ್ದನೇನೋ. ಹೆದರಿಕೆ, ಗೌರವ, ಆಸೆ, ಮರುಕ, ಆತುರ, ಇವುಗಳಲ್ಲಿ ಯಾವುದಾದರೊಂದು ಇಲ್ಲದ ಮನುಷ್ಯನಿಲ್ಲ. ವಂಚಕನು ಹುಡುಕುವುದು ಈ ಬಾಗಿಲುಗಳನ್ನೇ.

ಯಂತ್ರಗಳ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಯಿದೆ. 2000ದ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ ಒಂದು ಮಿಂಚಂಚೆ ಜಗತ್ತನ್ನೆಲ್ಲ ಸುತ್ತಿತು. ಅದರ ತಲೆಬರಹ, "ನಾನು ನಿನ್ನನ್ನು ಪ್ರೀತಿಸುತ್ತೇನೆ" ಎಂಬುದು. ಜೊತೆಗೆ ಲಗತ್ತಿಸಿದ್ದುದು ಪ್ರೇಮಪತ್ರವೆಂಬ ಹೆಸರಿನ ಒಂದು ಕಡತ. ತೆರೆದವನ ಕಂಪ್ಯೂಟರಿನಲ್ಲಿದ್ದ ಚಿತ್ರಗಳನ್ನು ಅದು ಹಾಳುಮಾಡಿ, ಅವನ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ಅವನ ಹೆಸರಿನಲ್ಲಿಯೇ ಅದೇ ಪತ್ರವನ್ನು ಕಳುಹಿಸಿತು. ಬ್ರಿಟನ್ನಿನ ಪಾರ್ಲಿಮೆಂಟು ಕೂಡ ತನ್ನ ಮಿಂಚಂಚೆಯ ವ್ಯವಸ್ಥೆಯನ್ನು ಮುಚ್ಚಬೇಕಾಯಿತು. ಅಷ್ಟು ಜನ ಅದನ್ನು ತೆರೆದದ್ದೇಕೆ? ಪ್ರೇಮಪತ್ರವನ್ನು ತೆರೆಯದಿರುವ ಮನಸ್ಸು ಯಾರಿಗಿದೆ! ಅದನ್ನು ಬರೆದವನು ಪತ್ತೆಯಾದರೂ, ಅಂಥ ಕೃತ್ಯವನ್ನು ಶಿಕ್ಷಿಸುವ ಕಾನೂನೇ ಆ ದೇಶದಲ್ಲಿ ಇನ್ನೂ ಇರಲಿಲ್ಲವಾಗಿ ಬಿಡುಗಡೆ ಹೊಂದಿದನು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಅದೇ 2000ದ ಅಕ್ಟೋಬರಿನಲ್ಲಿಯೇ ಜಾರಿಗೆ ಬಂದದ್ದು.

ನಮ್ಮಲ್ಲಿ ಈಚೆಗೆ ಆ ಪ್ರೇಮಪತ್ರ ಲಗ್ನಪತ್ರಿಕೆಯ ರೂಪ ತಾಳಿದೆ. ವಾಟ್ಸ್ಆ್ಯಪಿನಲ್ಲಿ ಗೊತ್ತಿರುವವರ ಹೆಸರಿನಿಂದಲೇ ಮದುವೆಯ ಕರೆಯೋಲೆ ಬರುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಎ, ಪಿ, ಕೆ ಎಂಬ ಮೂರು ಅಕ್ಷರಗಳಿರುತ್ತವೆ. ಅದು ಪತ್ರಿಕೆಯಲ್ಲ, ಫೋನಿನಲ್ಲಿ ನೆಲೆಯೂರುವ ಒಂದು ಆ್ಯಪ್. ಒತ್ತಿ ಒಪ್ಪಿಗೆ ಕೊಟ್ಟೆವೋ, ಅದು ನಮ್ಮ ಸಂದೇಶಗಳನ್ನು ಓದಿ ಬ್ಯಾಂಕಿನ ಓಟಿಪಿಗಳನ್ನು ಹೊರಗೆ ಸಾಗಿಸುತ್ತದೆ. ಹಿಂದೆ ಮದುವೆಗೆ ಕರೆಯುವವರು ಮನೆಗೆ ಬಂದು, ಅರಿಶಿನ ಕುಂಕುಮ ಕೊಟ್ಟು, "ಮನೆಮಂದಿಯೆಲ್ಲ ಬರಬೇಕು" ಎಂದು ಹೇಳಿ ಹೋಗುತ್ತಿದ್ದರು. ಈಗ ಬರಲಾಗದಿದ್ದರೂ ಒಂದು ಕರೆಯನ್ನಾದರೂ ಮಾಡಿ, "ನೀವು ಕಳುಹಿಸಿದ್ದು ನಿಜವೆ?" ಎಂದು ಕೇಳಲು ನಮಗೇನು ಅಡ್ಡಿ? ರಾತ್ರಿಯೇ ಕರೆಂಟು ಕಡಿಯುತ್ತೇವೆಂಬ ಸಂದೇಶ, ಸಂಚಾರ ನಿಯಮ ಮುರಿದ ದಂಡದ ಚೀಟಿ, ಪಾರ್ಸೆಲ್ ಬಂದಿದೆಯೆಂಬ ಲಿಂಕ್, ಇವೆಲ್ಲ ಒಂದೇ ತಾಯಿಯ ಮಕ್ಕಳು. ಎಲ್ಲದರಲ್ಲಿಯೂ ಕೂಡಲೇ ಎಂಬ ಮಾತು ಇದ್ದೇ ಇರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದರು ಹಿರಿಯರು. ಬುದ್ಧಿ ಮಟ್ಟವಾಗಲಿ ಎಂದೇ ನಮ್ಮನ್ನು ಆತುರಪಡಿಸುವವರು ಇವರು.

ಹಾಗೆಂದು ಬಾಗಿಲಿನ ಗಟ್ಟಿತನಕ್ಕೆ ಬೆಲೆಯಿಲ್ಲವೆಂದಲ್ಲ. ಮೊದಲನೆಯದು, ಫೋನು ಆಗಾಗ ಕೇಳುವ ಅಪ್‌ಡೇಟ್. ಬಹುಮಂದಿ ಅದನ್ನು ಪೀಡೆಯೆಂದು ಮುಂದಕ್ಕೆ ಹಾಕುತ್ತೇವೆ. 2017ರ ಮಾರ್ಚಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ ವ್ಯವಸ್ಥೆಯಲ್ಲಿದ್ದ ಒಂದು ಬಿರುಕಿಗೆ ತೇಪೆಯನ್ನು ಹೊರಡಿಸಿತು. ಎರಡು ತಿಂಗಳ ಅನಂತರ, ಮೇ 12ರಂದು, ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಅದೇ ಬಿರುಕಿನಲ್ಲಿ ನುಗ್ಗಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಕಡತಗಳನ್ನು ಬಂಧಿಸಿಟ್ಟು ಒತ್ತೆಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ರದ್ದುಪಡಿಸಬೇಕಾಯಿತು. ತೇಪೆ ಹಾಕಿಕೊಂಡಿದ್ದ ಯಂತ್ರಗಳಲ್ಲಿ ಆ ಬಿರುಕು ಮುಚ್ಚಿಹೋಗಿತ್ತು. ಮಳೆ ಬರುವುದಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ನಮಗೆ ಗೊತ್ತು. ಇದೂ ಅಂಥದ್ದೇ. ಹಾಗೆಯೇ, ಮುಖ್ಯವಾದ ಕಡತ, ಭಾವಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟಿದ್ದರೆ ಒತ್ತೆಹಣ ಕೇಳುವವನ ಬಲ ಅರ್ಧಕ್ಕರ್ಧ ಕುಂದುತ್ತದೆ.

ಎರಡನೆಯದು ಪಾಸ್‌ವರ್ಡು ಎಂಬ ಗುಟ್ಟಿನ ಪದ. 1988ರಲ್ಲಿ ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ತಂತ್ರಾಂಶ ಅಂದಿನ ಅಂತರಜಾಲದ ಸಾವಿರಾರು ಕಂಪ್ಯೂಟರುಗಳನ್ನು ಕಂಗೆಡಿಸಿತು. ಗುಟ್ಟಿನ ಪದವನ್ನು ಊಹಿಸಲು ಅದು ಮೊದಲು ಒಡೆಯನ ಹೆಸರನ್ನೇ ಪ್ರಯತ್ನಿಸುತ್ತಿತ್ತು. ಅದೇ ಹೆಸರನ್ನು ತಿರುಗುಮುರುಗಾಗಿ ಪ್ರಯತ್ನಿಸುತ್ತಿತ್ತು. ಆಮೇಲೆ ತನ್ನೊಳಗೆ ಇಟ್ಟುಕೊಂಡಿದ್ದ 432 ಪದಗಳ ಒಂದು ಪಟ್ಟಿಯನ್ನು. ಅಷ್ಟರಿಂದಲೇ ಎಷ್ಟೋ ಬಾಗಿಲುಗಳು ತೆರೆದವು. ನಾವಿಂದು ಮಕ್ಕಳ ಹೆಸರು, ಹುಟ್ಟಿದ ವರ್ಷ, ಮನೆದೇವರ ಹೆಸರನ್ನು ಗುಟ್ಟಿನ ಪದವಾಗಿ ಇಟ್ಟುಕೊಳ್ಳುವುದು ಕೀಲಿಕೈಯನ್ನು ತುಳಸಿಕಟ್ಟೆಯ ಗೂಡಿನಲ್ಲಿಟ್ಟು ಹೋದಂತೆ. ಊರಿಗೆಲ್ಲ ಗೊತ್ತಿರುವ ಜಾಗ. ನಾಲ್ಕು ಅಂಕಿಗಳ ಗುಟ್ಟಿನಲ್ಲಿರುವ ಸಾಧ್ಯತೆಗಳು ಒಟ್ಟು 10,000. ಎಂಟು ಇಂಗ್ಲಿಷ್ ಅಕ್ಷರಗಳಾದರೆ 20 ಸಾವಿರ ಕೋಟಿಗೂ ಮಿಗಿಲು. ಮುಂದೆ ಒಂದೊಂದು ಅಕ್ಷರ ಹೆಚ್ಚಿದಂತೆ ಅದು 26 ಪಟ್ಟು ಬೆಳೆಯುತ್ತದೆ. ಆದುದರಿಂದ ಒಂದಕ್ಕೊಂದು ನಂಟಿಲ್ಲದ ನಾಲ್ಕೈದು ಪದಗಳನ್ನು ಸೇರಿಸಿ ಉದ್ದವಾದ ಗುಟ್ಟನ್ನು ಕಟ್ಟಿಕೊಳ್ಳುವುದು ಲೇಸು. ಸಾಹಿತ್ಯಾಸಕ್ತರಲ್ಲಿ ಒಂದು ವಿಶೇಷ ಬಿನ್ನಹ: ಪ್ರಸಿದ್ಧ ಕವಿತೆಯ ಸಾಲನ್ನು ಬಳಸಬೇಡಿ. ನಿಮಗೆ ಬಾಯಿಪಾಠವಾದದ್ದು ಇನ್ನೊಬ್ಬನಿಗೂ ಆಗಿರುತ್ತದೆ. ಬ್ಯಾಂಕಿನ ಗುಟ್ಟು ಬೇರೆ, ಮಿಂಚಂಚೆಯ ಗುಟ್ಟು ಬೇರೆ ಇರಲಿ. ಒಂದು ಮನೆಯ ಕೀಲಿ ಕಳೆದರೆ ಊರಿನ ಮನೆಗಳೆಲ್ಲ ತೆರೆಯಬಾರದು.

ಮೂರನೆಯದು ಎರಡನೆಯ ಗುರುತು. ಇದನ್ನು ವಿವರಿಸಲು ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು. ಅದೇ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ 'ಮುದ್ರಾಮಂಜೂಷ' ಎಂದು ಕನ್ನಡ ಗದ್ಯದಲ್ಲಿ ಹೇಳಿದ್ದಾನೆ. ನಾಟಕದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಅವನ ಹೆಂಡತಿಯ ಬೆರಳಿಂದ ಜಾರಿ ಚಾಣಕ್ಯನ ಗೂಢಚಾರನ ಕೈಸೇರುತ್ತದೆ. ಚಾಣಕ್ಯನು ಒಂದು ಪತ್ರವನ್ನು ಬರೆಸಿ, ಅದಕ್ಕೆ ಆ ಮುದ್ರೆಯೊತ್ತುತ್ತಾನೆ. ಅದನ್ನು ನೋಡಿದ ಮಲಯಕೇತು ರಾಕ್ಷಸನೇ ದ್ರೋಹ ಬಗೆದನೆಂದು ನಂಬುತ್ತಾನೆ. ಅಮಾತ್ಯನ ಬುದ್ಧಿ, ಪೌರುಷ, ಸ್ವಾಮಿನಿಷ್ಠೆ ಒಂದೂ ಕೆಲಸಕ್ಕೆ ಬರಲಿಲ್ಲ. ಉಂಗುರ ಯಾರ ಕೈಯಲ್ಲಿದೆಯೋ ಅವನೇ ರಾಕ್ಷಸನಾದನು. ನಮ್ಮ ಮೊಬೈಲು, ಅದರೊಳಗಿನ ಸಿಮ್ಮು, ಅದಕ್ಕೆ ಬರುವ ಓಟಿಪಿ ಈ ಕಾಲದ ಮುದ್ರೆಯುಂಗುರ. ಅದನ್ನು ಕೇಳುವವನು ಬ್ಯಾಂಕಿನ ಹೆಸರನ್ನೇ ಹೇಳಲಿ, ಸರ್ಕಾರದ ಹೆಸರನ್ನೇ ಹೇಳಲಿ, ಕೊಡತಕ್ಕದ್ದಲ್ಲ. ವಾಟ್ಸ್ಆ್ಯಪಿಗೂ ಮಿಂಚಂಚೆಗೂ ಎರಡು ಹಂತದ ಪರಿಶೀಲನೆ ಎಂಬ ಏರ್ಪಾಡು ಇದೆ; ಒಂದು ಗುರುತು ಕಳುವಾದರೂ ಇನ್ನೊಂದಿಲ್ಲದೆ ಬಾಗಿಲು ತೆರೆಯದು. ಯುಪಿಐ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ: ಪಿನ್ ಒತ್ತುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಹಳೆಯ ಮಂಚವನ್ನು ಮಾರಹೊರಟವನಿಗೆ, "ಹಣ ಕಳುಹಿಸಿದ್ದೇನೆ, ಪಿನ್ ಒತ್ತಿ ಪಡೆದುಕೊಳ್ಳಿ" ಎಂದು ಯಾರಾದರೂ ಹೇಳಿದರೆ ಅವನು ಗಿರಾಕಿಯಲ್ಲ.

ಇನ್ನು ಸ್ವಂತ ವಿಚಾರಗಳ ಮಾತು. ಮೇಷ್ಟರ ಆಧಾರ್ ಸಂಖ್ಯೆ ಆ ವಂಚಕನಿಗೆ ಹೇಗೆ ಸಿಕ್ಕಿತು? ನಿಶ್ಚಯವಾಗಿ ಹೇಳಲಾರೆ. ಆದರೆ ನಾವು ಅದನ್ನು ಎಲ್ಲೆಲ್ಲಿ ಚೆಲ್ಲಿದ್ದೇವೆಂದು ಒಮ್ಮೆ ಲೆಕ್ಕ ಹಾಕಿ. ವಸತಿಗೃಹದ ಮೇಜಿನ ಮೇಲೆ, ಸಿಮ್ ಮಾರುವ ಅಂಗಡಿಯಲ್ಲಿ, ಜೆರಾಕ್ಸ್ ಅಂಗಡಿಯ ಹುಡುಗನ ವಾಟ್ಸ್ಆ್ಯಪಿನಲ್ಲಿ. ಪ್ರತಿ ತೆಗೆಸಿಕೊಂಡು ನಾವು ಮನೆಗೆ ಬರುತ್ತೇವೆ. ಚಿತ್ರ ಅಲ್ಲಿಯೇ ಉಳಿಯುತ್ತದೆ. ಅಳಿಸಿಬಿಡಪ್ಪಾ ಎಂದು ಕೇಳಿ, ಅಳಿಸುವವರೆಗೆ ನಿಂತರೆ ಹೋಗುವುದು ಒಂದು ನಿಮಿಷ. ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವಂಥ ಆಧಾರ್ ಪ್ರತಿಯನ್ನು ಪಡೆಯುವ ಅವಕಾಶವಿದೆ. ಬೆರಳಚ್ಚನ್ನು ಬೇರೆಯವರು ಬಳಸದಂತೆ ಬೀಗ ಹಾಕುವ ಅನುಕೂಲವೂ ಇದೆ. ಕಾಗದದ ಪ್ರತಿಯ ಮೇಲೆ ಇದು ಇಂಥ ಕೆಲಸಕ್ಕೆ ಮಾತ್ರ ಎಂದು ಅಡ್ಡಲಾಗಿ ಬರೆದು, ತಾರೀಖು ಹಾಕಿ, ರುಜು ಮಾಡಿ ಕೊಡುವ ಹಳೆಯ ಗುಮಾಸ್ತರ ಅಭ್ಯಾಸ ಬಹಳ ಒಳ್ಳೆಯದು. ರಿಪೇರಿಗೆ ಫೋನು ಕೊಡುವ ಮುಂಚೆ ಸಿಮ್ಮು ತೆಗೆದುಕೊಳ್ಳುವುದೂ ಹಾಗೆಯೇ.

"ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ ಸ್ವಾಮಿ?" ಎನ್ನುವವರುಂಟು. ಅಂಥವರನ್ನು ನಾನು ಅಂಚೆಯ ಕಾಲಕ್ಕೆ ಕರೆದೊಯ್ಯುತ್ತೇನೆ. ಕ್ಷೇಮಸಮಾಚಾರಕ್ಕೆ ಕಾರ್ಡು ಸಾಕಾಗುತ್ತಿತ್ತು. ಅಂಚೆಯವನು ಓದಿದರೂ ಚಿಂತೆಯಿರಲಿಲ್ಲ. ಆದರೆ ಮಗಳ ಬಾಣಂತನದ ವಿಷಯವನ್ನೋ, ಅಣ್ಣತಮ್ಮಂದಿರ ಪಾಲಿನ ವಿಷಯವನ್ನೋ ಬರೆಯುವಾಗ ಇನ್‌ಲ್ಯಾಂಡ್ ಪತ್ರವನ್ನು ತಂದು ಅಂಚಿಗೆ ಗೋಂದು ಹಚ್ಚುತ್ತಿದ್ದೆವು. ಬಾಣಂತನ ಕಳ್ಳತನವೇನಲ್ಲ. ಆದರೂ ಅದು ನಮ್ಮ ಮನೆಯ ಮಾತು. ಈ ವಿವೇಕವನ್ನು ನಮ್ಮ ದೇಶದ ಸಂವಿಧಾನದ ಹಕ್ಕಾಗಿ ಸ್ಥಿರಪಡಿಸಿದ ಮೊಕದ್ದಮೆಗೆ ಕನ್ನಡನಾಡಿನವರೊಬ್ಬರ ಹೆಸರಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಹಕ್ಕು ನಮಗೆ ದೊರೆತಿದೆ. ಜೆರಾಕ್ಸ್ ಅಂಗಡಿಯ ಮುಂದೆ ಅದನ್ನು ನೆನೆಯಬೇಕಾದವರು ಮಾತ್ರ ನಾವೇ.

ಕೊನೆಯದಾಗಿ, ಮೋಸಹೋದವರ ಮಾತು. ನಮ್ಮ ಮೇಷ್ಟರು ಹಣ ಕಳೆದುಕೊಂಡ ವಿಷಯವನ್ನು ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆ. ಮಕ್ಕಳಿಗೆ ಲೆಕ್ಕ ಕಲಿಸಿದವನು ಲೆಕ್ಕ ತಪ್ಪಿದನೆಂದು ಊರು ನಗುತ್ತದೆಂಬ ಭಯ. ಆ ಹನ್ನೊಂದು ದಿನಗಳಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದು ಕೈಗೆ ಸಿಗದಂತಾಗಿತ್ತು. ಮೊದಲ ಗಂಟೆಯಲ್ಲಿಯೇ 1930 ಎಂಬ ಸಂಖ್ಯೆಗೆ ಕರೆ ಮಾಡಿದ್ದರೆ, ಹಣ ಹೋಗಿ ಸೇರಿದ ಖಾತೆಯನ್ನು ತಡೆಹಿಡಿಯುವ ಅವಕಾಶವಾದರೂ ಇರುತ್ತಿತ್ತು. ಆ ಸಂಖ್ಯೆಯನ್ನು ಬರೆದುಕೊಳ್ಳಿ: ಒಂದು, ಒಂಬತ್ತು, ಮೂರು, ಸೊನ್ನೆ. ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಡಿ. ಬ್ಯಾಂಕಿಗೂ ಆ ಕ್ಷಣವೇ ತಿಳಿಸಬೇಕು. ಊರು ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಬೇಗ ಹಾಕಿದರೆ ಸೂರೆಯಾದದ್ದರಲ್ಲಿ ಸ್ವಲ್ಪವನ್ನಾದರೂ ಒಳಗೇ ತಡೆಯಬಹುದು.

ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪೊಲೀಸರು ವೀಡಿಯೋ ಕರೆಯ ಮೇಲೆ ಯಾರನ್ನೂ ಬಂಧಿಸುವುದಿಲ್ಲ. ಹಣ ಕಳುಹಿಸಿ ನಿರ್ದೋಷಿಯೆಂದು ತೋರಿಸು ಎಂದು ಯಾವ ನ್ಯಾಯಾಲಯವೂ ಕೇಳುವುದಿಲ್ಲ. 2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಈ ಮಾತನ್ನೇ ಹೇಳಿ, ನಿಲ್ಲಬೇಕು, ಯೋಚಿಸಬೇಕು, ಆಮೇಲೆ ಕ್ರಮ ಕೈಗೊಳ್ಳಬೇಕು ಎಂದು ದೇಶಕ್ಕೆ ತಿಳಿಸಿದರು. ಆ ಹೊತ್ತಿಗೆ ನಮ್ಮ ಮೇಷ್ಟರ ಹಣ ಹೋಗಿ ಎರಡು ತಿಂಗಳಾಗಿತ್ತು. ಅದನ್ನು ಕೇಳಿದ ದಿನ ಸಂಜೆ ಅವರು ನನ್ನ ಮನೆಗೆ ಬಂದರು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, "ಅವನು ಯಾರಿಗೂ ಹೇಳಬೇಡ ಎಂದಾಗಲೇ ನಾನು ಎದ್ದು ಅಡುಗೆಮನೆಗೆ ಹೋಗಬೇಕಾಗಿತ್ತು. ಇವಳಿಗೆ ಒಂದು ಮಾತು ಹೇಳಿದ್ದರೆ, ಯಾವನ್ರೀ ಅವನು ಎಂದು ಕೇಳಿಯೇ ಕೇಳುತ್ತಿದ್ದಳು. ಅಷ್ಟೇ ಸಾಕಾಗಿತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಿಮಗೆ ರೇಡಿಯೋದಲ್ಲಿ ಮಾತನಾಡುವ ಅವಕಾಶ ಬಂದರೆ ನನ್ನ ಕಥೆ ಹೇಳಿ. ಹೆಸರೊಂದು ಬೇಡ" ಎಂದರು. ನಾನು ಈ ಭಾಷಣಕ್ಕೆ ಒಪ್ಪಿಕೊಂಡದ್ದು ಅದಕ್ಕಾಗಿ.

ಅವರ ಆ ಮಾತಿನಲ್ಲಿ ನನಗೆ ನಮ್ಮ ಅಜ್ಜಿಯ ದನಿ ಕೇಳಿಸಿತು; ರಾಮಾಯಣದ ಮುಂದಿನ ಕಥೆಯೂ ನೆನಪಾಯಿತು. ಪಂಚವಟಿಯಲ್ಲಿ ಮೋಸಹೋದ ಸೀತೆಯೇ ಸುಂದರಕಾಂಡದ ಅಶೋಕವನದಲ್ಲಿಯೂ ಇದ್ದಾಳೆ. ಹನುಮಂತ ಬಂದು ನಾನು ರಾಮದೂತನೆಂದಾಗ ಆಕೆ ಕೂಡಲೇ ನಂಬುವುದಿಲ್ಲ. ಇವನೂ ವೇಷ ಮರೆಸಿ ಬಂದ ರಾವಣನೇ ಇರಬಹುದೆಂದು ಶಂಕಿಸುತ್ತಾಳೆ. ನೀನು ರಾಮನನ್ನು ಎಲ್ಲಿ ಕಂಡೆ, ಅವನ ಅಂಗಲಕ್ಷಣಗಳೇನು, ಲಕ್ಷ್ಮಣನ ಗುರುತುಗಳೇನು ಎಂದು ಪ್ರಶ್ನಿಸುತ್ತಾಳೆ. ಹನುಮಂತ ಒಂದೊಂದನ್ನೂ ವಿವರಿಸುತ್ತಾನೆ. ಅದಾದ ಮೇಲೆಯೇ ಉಂಗುರ ಕೈಯಿಂದ ಕೈಗೆ ಬರುವುದು. ತನ್ನನ್ನು ಪ್ರಶ್ನಿಸಿದಳೆಂದು ಹನುಮಂತ ಮುನಿಸಿಕೊಳ್ಳಲಿಲ್ಲ. ನಿಜವಾದ ದೂತನಿಗೆ ಪ್ರಶ್ನೆಯಿಂದ ಭಯವಿಲ್ಲ.

ನಮ್ಮ ಫೋನಿಗೆ ಬರುವ ನಿಜವಾದ ಬ್ಯಾಂಕಿನವರೂ ನಿಜವಾದ ಪೊಲೀಸರೂ ಹೀಗೆಯೇ. "ನೀವು ಯಾರು? ಯಾವ ಠಾಣೆಯವರು? ನಾನೇ ಠಾಣೆಯ ನಂಬರು ಹುಡುಕಿ ಕರೆ ಮಾಡುತ್ತೇನೆ, ಈಗ ಇಡಿ" ಎಂದರೆ ನಿಜವಾದವರು ಬೇಸರಪಡುವುದಿಲ್ಲ. ಸಿಟ್ಟಾದರೆ, ಹೆದರಿಸಿದರೆ, ಅಷ್ಟರಿಂದಲೇ ಅವರಾರೆಂಬುದು ತಿಳಿಯಿತೆಂದುಕೊಳ್ಳಿ. ನಿಮ್ಮ ಮನೆಯ ಹಿರಿಯರ ಫೋನಿಗೆ ಒಳ್ಳೆಯ ಬೀಗಗಳನ್ನು ಹಾಕಿಕೊಡಿ. ಅದರ ಜೊತೆಗೆ, "ಏನೇ ಕರೆ ಬಂದರೂ ನಮ್ಮನ್ನೊಂದು ಮಾತು ಕೇಳಿ, ಏನೇ ತಪ್ಪಾಗಿದ್ದರೂ ನಾವು ಬೈಯುವುದಿಲ್ಲ" ಎಂದು ಇಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿಬಿಡಿ. ಆ ಮಾತೊಂದಿದ್ದಿದ್ದರೆ ನಮ್ಮ ಮೇಷ್ಟರು ಹನ್ನೊಂದು ದಿನ ಒಬ್ಬರೇ ಕೊರಗಬೇಕಾಗಿರಲಿಲ್ಲ.